ವಾನ್‌ಸ್ಟೆಡ್: ಸೌಧವಳಿದ ಮೇಲೆ ಉಳಿದ ನೆಲ

ಲಂಡನ್ ಮಹಾನಗರದ ಈಶಾನ್ಯ ಭಾಗದಲ್ಲಿ ವಾನ್‌ಸ್ಟೆಡ್ ಎಂಬುದೊಂದು ಬಡಾವಣೆ. ಹಿಂದೆ ಅದು ಎಸೆಕ್ಸ್ ಪ್ರಾಂತದ ಗ್ರಾಮವಾಗಿತ್ತು. ಅಲ್ಲಿ ಗಾಲ್ಫ್ ಆಟದ ಮೈದಾನವೊಂದುಂಟು. ಹುಲ್ಲನ್ನು ಸಮನಾಗಿ ಕತ್ತರಿಸಿ ಒಪ್ಪವಾಗಿಟ್ಟಿರುವ ಆ ಮೈದಾನದ ನಡುವೆ ನೆಲವು ಇದ್ದಕ್ಕಿದ್ದಂತೆ ಇಳಿದು ವಿಶಾಲವಾದ ತಗ್ಗಾಗುತ್ತದೆ. ಪರಿಚಯವಿಲ್ಲದವನು ಅದನ್ನು ಹಳೆಯ ಕಲ್ಲುಗಣಿಯೆಂದೋ, ಬತ್ತಿಹೋದ ಕೊಳವೆಂದೋ, ಆಟಗಾರರ ಚೆಂಡನ್ನು ನುಂಗುವುದಕ್ಕಾಗಿಯೇ ತೋಡಿದ ಹಳ್ಳವೆಂದೋ ಭಾವಿಸಿದರೆ ಆಶ್ಚರ್ಯಪಡಬೇಕಾದುದಿಲ್ಲ. ವಾಸ್ತವದಲ್ಲಿ ಅದು, ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ವರ್ಸೇಲ್ಸ್ ಎಂದು ಜನರಿಂದ ಹೊಗಳಿಸಿಕೊಂಡ ವಾನ್‌ಸ್ಟೆಡ್ ಹೌಸ್ ಎಂಬ ಮಹಾಸೌಧದ ನೆಲಮಾಳಿಗೆಗಳಿದ್ದ ಕುಳಿ. ಆ ಸೌಧದ ಒಂದು ಗೋಡೆಯಾಗಲಿ, ಒಂದು ಮೆಟ್ಟಿಲಾಗಲಿ ಇಂದು ಅಲ್ಲಿಲ್ಲ. ಶಾಶ್ವತವಾಗಿರಲೆಂದು ಬಿಳಿಯ ಕಲ್ಲಿನಲ್ಲಿ ಕಟ್ಟಿದ ಕಟ್ಟಡವು ನೂರು ವರ್ಷಕ್ಕೆ ತುಸು ಹೆಚ್ಚು ಕಾಲ ಬಾಳಿ ನಿರ್ನಾಮವಾಯಿತು. ಅದಕ್ಕೆ ಕೇವಲ ಪರಿವಾರವೆಂಬಂತೆ ಸುತ್ತಲೂ ಅಗೆದ ಕೆರೆ, ಕಟ್ಟಿದ ದಿಬ್ಬ, ನೆಟ್ಟ ಸಾಲುಮರಗಳು ಮುನ್ನೂರು ವರ್ಷಗಳ ತರುವಾಯವೂ ಗುರುತು ಹಿಡಿಯಬಹುದಾದಷ್ಟು ಉಳಿದಿವೆ. ಈ ವಿಪರ್ಯಾಸ ಹೇಗೆ ಒದಗಿತೆಂಬುದನ್ನು ವಿಚಾರಿಸುವಾಗ ನಮ್ಮ ಕಾರವಾರದ ಕಡಲತೀರವೂ ಶ್ರೀರಂಗಪಟ್ಟಣವೂ ಕಥೆಯೊಳಗೆ ಸುಳಿದುಹೋಗುತ್ತವೆ; ಆದಕಾರಣ ಕನ್ನಡ ಓದುಗರಿಗೆ ಇದು ಸಂಪೂರ್ಣ ಪರಕೀಯವಾದ ವೃತ್ತಾಂತವಲ್ಲ.

ವಾನ್‌ಸ್ಟೆಡ್ಡಿನ ಜಮೀನುದಾರಿಕೆ ಬಹು ಹಳೆಯದು. ಊರು, ಹೊಲ, ಕಾಡು, ಒಕ್ಕಲು ಎಲ್ಲವೂ ಒಬ್ಬ ಒಡೆಯನ ಹಕ್ಕಿಗೆ ಒಳಪಟ್ಟಿದ್ದು, ಆ ಒಡೆಯನ ನಿವಾಸವೇ ಸೀಮೆಯ ಕೇಂದ್ರವಾಗಿರುವ ಪದ್ಧತಿಯನ್ನು ಅಲ್ಲಿಯವರು ಮ್ಯಾನರ್ ಎಂದು ಕರೆಯುತ್ತಿದ್ದರು. ೧೪೯೯ರಲ್ಲಿ ಏಳನೆಯ ಹೆನ್ರಿ ದೊರೆಯು ಇದನ್ನು ಕೊಂಡು ಬೇಟೆಯ ಬಿಡಾರವಾಗಿ ಬಳಸಿದನು. ಎಲಿಜಬೆತ್ ರಾಣಿಯ ಪ್ರೀತಿಪಾತ್ರನಾದ ಲೆಸ್ಟರಿನ ಅರ್ಲ್ ರಾಬರ್ಟ್ ಡಡ್ಲಿ ಅದೇ ಸ್ಥಳದಲ್ಲಿ ರಾಣಿಯನ್ನು ಸತ್ಕರಿಸಿದನು. ೧೫೭೮ರಲ್ಲಿ ಅಲ್ಲಿಯೇ ಆಕೆಗೆ ತಿಳಿಯದಂತೆ ಮತ್ತೊಬ್ಬಳನ್ನು ವಿವಾಹವಾಗಿ ಆಕೆಯ ಕೋಪಕ್ಕೂ ಗುರಿಯಾದನು. ಹದಿನೇಳನೆಯ ಶತಮಾನದ ನಡುವಿಗೆ ಬರುವ ವೇಳೆಗೆ ಮನೆಯು ಹಳೆಯ ಕಾಲದ್ದಾಗಿ ಕಾಣತೊಡಗಿತ್ತು. ದಿನಚರಿಯಿಂದ ಪ್ರಸಿದ್ಧನಾದ ಸ್ಯಾಮ್ಯುಯೆಲ್ ಪೀಪ್ಸ್ ೧೬೬೫ರಲ್ಲಿ ಅದನ್ನು ನೋಡಿ, ಸ್ಥಳ ಸೊಗಸಾದರೂ ಕಟ್ಟಡ ಹಳೆಯ ಮಾದರಿಯದೆಂದು ಬರೆದಿಟ್ಟನು. ಇದಕ್ಕೂ ಹಿಂದಿನ ಒಂದು ಮನೆಯ ಕುರುಹು ನೆಲದೊಳಗೆ ಇತ್ತೆಂಬುದು ಗೊತ್ತಾದದ್ದು ೧೭೧೫ರಲ್ಲಿ. ಹೊಸ ತೋಟಕ್ಕಾಗಿ ಅಗೆಯುತ್ತಿದ್ದ ಆಳುಗಳ ಗುದ್ದಲಿಗೆ ರೋಮನ್ನರ ಕಾಲದ, ಬಣ್ಣದ ಚೂರುಗಲ್ಲುಗಳನ್ನು ಜೋಡಿಸಿ ಮಾಡಿದ ಚಿತ್ರಿತ ನೆಲಗಟ್ಟೊಂದು ತಾಗಿತು. ನೆರೆಯಲ್ಲಿದ್ದ ಸ್ಮಾರ್ಟ್ ಲೆತುಲಿಯರ್ ಎಂಬ ಪ್ರಾಚ್ಯವಸ್ತುಪ್ರಿಯನು ಆ ಸಂಗತಿಯನ್ನು ಪತ್ರಮುಖೇನ ದಾಖಲಿಸದೆ ಹೋಗಿದ್ದರೆ ಅದೂ ಮರೆತುಹೋಗುತ್ತಿತ್ತು.

ಈ ಸ್ಥಳದ ಭಾಗ್ಯವನ್ನು ಬದಲಿಸಿದವನು ಸರ್ ಜೋಸಯ ಚೈಲ್ಡ್. ೧೬೩೦ರಲ್ಲಿ ವರ್ತಕನ ಮಗನಾಗಿ ಜನಿಸಿದ ಈತನು ಪೋರ್ಟ್ಸ್‌ಮತ್ ಬಂದರಿನಲ್ಲಿ ನೌಕಾಪಡೆಗೆ ಆಹಾರಪಾನೀಯಗಳನ್ನು ಒದಗಿಸುವ ಗುತ್ತಿಗೆಯಿಂದ ಮೊದಲ ಸಂಪತ್ತನ್ನು ಗಳಿಸಿದನು. ಅನಂತರ ಈಸ್ಟ್ ಇಂಡಿಯಾ ಕಂಪೆನಿಯ ಷೇರುಗಳನ್ನು ರಾಶಿರಾಶಿಯಾಗಿ ಕೊಂಡು, ೧೬೮೧ರಿಂದ ಮೊದಲ್ಗೊಂಡು ಹಲವು ವರ್ಷ ಅದರ ಗವರ್ನರನಾಗಿಯೂ ಉಪಗವರ್ನರನಾಗಿಯೂ ಆ ಸಂಸ್ಥೆಯನ್ನು ಬಹುಮಟ್ಟಿಗೆ ತನ್ನ ಮುಷ್ಟಿಯಲ್ಲಿಟ್ಟುಕೊಂಡನು. ಆ ದಿನಗಳಲ್ಲಿ ಕಂಪೆನಿಯ ಕೋಠಿಗಳಲ್ಲಿ ಒಂದು ಕಾರವಾರದಲ್ಲಿತ್ತು. ಸೋದೆ ಸೀಮೆಯ ಕರಿಮೆಣಸೂ, ಘಟ್ಟದ ಮೇಲಿನ ಹುಬ್ಬಳ್ಳಿಯ ಕಡೆಯಿಂದ ಬರುತ್ತಿದ್ದ ನಯವಾದ ಹತ್ತಿಬಟ್ಟೆಯೂ ಅಲ್ಲಿಂದ ಹಡಗೇರುತ್ತಿದ್ದವು. ವಾನ್‌ಸ್ಟೆಡ್ಡಿನ ಪ್ರತಿಯೊಂದು ಇಟ್ಟಿಗೆಯೂ ಮೆಣಸಿನ ಕಾಳಿನಿಂದ ಹುಟ್ಟಿತೆಂದು ಹೇಳುವುದು ಅತ್ಯುಕ್ತಿಯಾದೀತು. ಆದರೆ ಇಡೀ ಪೂರ್ವದೇಶಗಳ ವ್ಯಾಪಾರದ ಲಾಭದಲ್ಲಿ ಸಿಂಹಭಾಗ ಪಡೆದವನ ಹಣದ ಚೀಲದಲ್ಲಿ ನಮ್ಮ ಘಟ್ಟದ ತೋಟಿಗನ ಬೆವರಿನ ಪಾಲೂ ಇದ್ದಿತೆನ್ನುವುದರಲ್ಲಿ ಸಂದೇಹವಿಲ್ಲ. ವ್ಯಾಪಾರದಿಂದ ತೃಪ್ತನಾಗದೆ ಈ ಮನುಷ್ಯನು ೧೬೮೬ರಲ್ಲಿ ಔರಂಗಜೇಬನ ಮೇಲೆಯೇ ಯುದ್ಧ ಹೂಡಿಸಿದನು. ಚೈಲ್ಡನ ಯುದ್ಧವೆಂದೇ ಇತಿಹಾಸದಲ್ಲಿ ಹೆಸರಾದ ಆ ಸಾಹಸವು ಕಂಪೆನಿಯವರು ಬಾದಶಹನ ಕ್ಷಮೆ ಬೇಡಿ, ಒಂದೂವರೆ ಲಕ್ಷ ರೂಪಾಯಿ ದಂಡ ತೆತ್ತು, ೧೬೯೦ರಲ್ಲಿ ಮತ್ತೆ ವ್ಯಾಪಾರಕ್ಕೆ ಅನುಮತಿ ಪಡೆಯುವುದರಲ್ಲಿ ಮುಗಿಯಿತು.

ಹಾಗಿರುವ ಚೈಲ್ಡನು ೧೬೭೩ರ ಸುಮಾರಿಗೆ ವಾನ್‌ಸ್ಟೆಡ್ಡನ್ನು ಕೊಂಡನು. ಮನೆಯನ್ನು ಹಾಗೆಯೇ ಬಿಟ್ಟು ಮೊದಲು ನೆಲಕ್ಕೆ ಕೈಹಾಕಿದುದು ಆತನ ವಿವೇಕವೋ ಜಿಪುಣತನವೋ ತಿಳಿಯದು. ೧೬೮೩ರ ಮಾರ್ಚಿಯಲ್ಲಿ ಅಲ್ಲಿಗೆ ಹೋದ ಜಾನ್ ಈವ್ಲಿನ್, ವೃಕ್ಷಶಾಸ್ತ್ರವನ್ನು ಬಲ್ಲ ವಿದ್ವಾಂಸ, ಆಕ್ರೋಟದ ಮರಗಳನ್ನು ನೆಡುವುದಕ್ಕೂ ಮೀನಿನ ಕೊಳಗಳನ್ನು ತೋಡುವುದಕ್ಕೂ ಈ ಬರಡು ಕಾಡಿನಲ್ಲಿ ಸುರಿದ ಹಣವನ್ನು ಕಂಡು ಬೆರಗಾದನು. ಇಂಥ ಮರುಳುಗಳು ಹಠಾತ್ತಾಗಿ ಹಣ ಕಂಡವರಿಗೆ ಸಹಜವೆಂಬ ಧಾಟಿಯಲ್ಲಿ ತುಸು ಕೊಂಕನ್ನೂ ನುಡಿದನು. ಆಗ ಬಗೆದ ನೆಲದ ಗೆರೆಗಳ ಮೇಲೆಯೇ ಮುಂದಿನವರೆಲ್ಲರೂ ತಮ್ಮ ವಿನ್ಯಾಸಗಳನ್ನು ಹರಡಿದರು.

ಜೋಸಯನ ಮಗ ರಿಚರ್ಡ್ ಚೈಲ್ಡ್ ೧೭೦೪ರಲ್ಲಿ ಆಸ್ತಿಗೆ ಬಂದನು. ತಂದೆಗಿದ್ದುದು ಹಣ, ಮಗನಿಗೆ ಬೇಕಾದದ್ದು ಕುಲೀನತೆ. ಆತನು ಮೊದಲು ಜಾರ್ಜ್ ಲಂಡನ್ ಎಂಬ ಪ್ರಖ್ಯಾತ ಉದ್ಯಾನಶಿಲ್ಪಿಯಿಂದ ಫ್ರೆಂಚ್ ಹಾಗೂ ಡಚ್ ರೀತಿಯ ಸಮಾನಾಂತರ ಹಾದಿಗಳು, ಕತ್ತರಿಸಿದ ಬೇಲಿಗಳು, ನೇರ ಕಾಲುವೆಗಳುಳ್ಳ ತೋಟವನ್ನು ಹಾಕಿಸಿದನು. ೧೭೧೫ರಲ್ಲಿ ಕೋಲನ್ ಕ್ಯಾಂಬೆಲ್ ಎಂಬ ಸ್ಕಾಟ್ಲೆಂಡಿನ ವಾಸ್ತುಶಿಲ್ಪಿಗೆ ಹೊಸ ಸೌಧದ ಕೆಲಸವನ್ನು ಒಪ್ಪಿಸಿದನು. ಪೋರ್ಟ್‌ಲೆಂಡ್ ಶಿಲೆಯ ಬಿಳಿಯ ಮುಖಭಾಗವು ೨೬೦ ಅಡಿ ಉದ್ದವಾಗಿದ್ದು, ನಡುವೆ ಆರು ಕೊರಿಂಥಿಯನ್ ಕಂಬಗಳ ಮೇಲೆ ತ್ರಿಕೋನಾಕಾರದ ಮುಡಿಯನ್ನು ಹೊತ್ತ ಮುಖಮಂಟಪವಿದ್ದಿತು. ರೋಮನ್ ದೇವಾಲಯದ ಮುಂಭಾಗವನ್ನು ಹೀಗೆ ಒಬ್ಬ ಗೃಹಸ್ಥನ ಹಳ್ಳಿಮನೆಗೆ ಈ ಪ್ರಮಾಣದಲ್ಲಿ ಜೋಡಿಸಿದುದು ಇಂಗ್ಲೆಂಡಿನಲ್ಲಿ ಹೊಸತು. ಕ್ಯಾಂಬೆಲ್ಲನು ತನ್ನ ನಕ್ಷೆಗಳನ್ನು ಗ್ರಂಥರೂಪದಲ್ಲಿ ಅಚ್ಚುಹಾಕಿಸಿದ್ದರಿಂದ ಅವು ದೇಶವೆಲ್ಲ ಹರಡಿ, ಯಾರ್ಕ್‌ಷೈರಿನ ವೆಂಟ್ವರ್ತ್ ವುಡ್‌ಹೌಸಿನಂಥ ಮಹಾಸೌಧಗಳು ಇದನ್ನೇ ಮಾದರಿಯಾಗಿಟ್ಟುಕೊಂಡು ಎದ್ದವು. ಮೂಲ ಮಣ್ಣುಗೂಡಿ ಪ್ರತಿಕೃತಿಗಳು ಉಳಿದಿರುವುದರಿಂದ, ವಾನ್‌ಸ್ಟೆಡ್ ಹೇಗೆ ಕಾಣುತ್ತಿತ್ತೆಂದು ತಿಳಿಯಬಯಸುವವರು ಈಗ ಇನ್ನೊಬ್ಬರ ಮನೆಯ ಮುಂದೆ ನಿಲ್ಲಬೇಕಾಗಿದೆ.

ಒಳಭಾಗವನ್ನು ವಿಲಿಯಂ ಕೆಂಟ್ ಸಿಂಗರಿಸಿದನು. ಅದರ ವೈಭವ ಬರಿಯ ಮಾತಲ್ಲವೆಂಬುದಕ್ಕೆ ವಿಲಿಯಂ ಹೋಗಾರ್ತ್ ೧೭೩೦ರ ಆಚೀಚೆಗೆ ಬರೆದ ತೈಲಚಿತ್ರವೊಂದು ಸಾಕ್ಷಿ. ಮನೆಯ ಒಡೆಯ, ಒಡತಿ, ಬಂಧುಗಳು ಇಸ್ಪೀಟು ಆಟದ ನಡುವೆ ನೆರೆದಿರುವ ಆ ಚಿತ್ರ ಇಂದು ಅಮೆರಿಕದ ಫಿಲಡೆಲ್ಫಿಯಾ ವಸ್ತುಸಂಗ್ರಹಾಲಯದಲ್ಲಿದೆ. ರಿಚರ್ಡನು ಬಯಸಿದ ಕುಲೀನತೆಯೂ ಕೈಗೂಡಿತು. ೧೭೧೮ರಲ್ಲಿ ವೈಕೌಂಟ್ ಕ್ಯಾಸಲ್‌ಮೇನ್ ಆದನು, ೧೭೩೧ರಲ್ಲಿ ಅರ್ಲ್ ಟಿಲ್ನಿ ಆದನು. ತೋಟ ಹಾಗೂ ಸೌಧಗಳಿಗೆ ಒಟ್ಟು ಮೂರು ಲಕ್ಷ ಅರವತ್ತು ಸಾವಿರ ಪೌಂಡು ವೆಚ್ಚವಾಯಿತೆಂದು ಪ್ರತೀತಿ. ಲಂಡನ್ನಿನ ನಾಗರಿಕರು ತಂಡತಂಡವಾಗಿ ತೋಟವನ್ನು ನೋಡಲು ಬರುತ್ತಿದ್ದರೆಂದೂ, ಗುಂಪು ಮಿತಿಮೀರಿದುದರಿಂದ ಒಡೆಯನು ವಾರಕ್ಕೆ ಒಂದೆರಡು ದಿನಗಳಲ್ಲಿ ಮಾತ್ರ ಪ್ರವೇಶ ಕೊಡುವಂತೆ ಸೇವಕರಿಗೆ ಕಟ್ಟಪ್ಪಣೆ ಮಾಡಿದನೆಂದೂ ಡೇನಿಯಲ್ ಡೀಫೋ ತನ್ನ ಪ್ರವಾಸಗ್ರಂಥದಲ್ಲಿ ತಿಳಿಸುತ್ತಾನೆ. ಇಂದು ಅದೇ ನೆಲದ ಮೇಲೆ ಯಾರ ಅಪ್ಪಣೆಯೂ ಇಲ್ಲದೆ ಜನ ತಮ್ಮ ನಾಯಿಗಳೊಡನೆ ತಿರುಗಾಡುತ್ತಾರೆ.

ತೋಟದ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಉಳಿದಿರುವುದು ಅದೇ. ೧೭೩೫ರಲ್ಲಿ ಜಾನ್ ರಾಕ್ ಎಂಬ ನಕ್ಷೆಗಾರನು ಕೆತ್ತಿದ ಪಟವನ್ನು ಕೈಯಲ್ಲಿ ಹಿಡಿದರೆ, ಇಂದಿನ ಉದ್ಯಾನದಲ್ಲಿ ಹೆಜ್ಜೆಹೆಜ್ಜೆಗೂ ಅದರ ಅಕ್ಷರಗಳನ್ನು ಓದಬಹುದು. ಸೌಧದ ಪಶ್ಚಿಮಕ್ಕೆ ಎಂಟು ಮೂಲೆಯ ದೊಡ್ಡ ಕೊಳ. ಬಂದ ಅತಿಥಿಗಳ ಗಾಡಿಗಳು ಅದನ್ನು ಬಳಸಿ ಬರುವಾಗ ಕಟ್ಟಡದ ಬಿಳುಪು ನೀರಿನಲ್ಲಿ ಬಿದ್ದು ಇಮ್ಮಡಿಯಾಗಿ ಕಾಣಲೆಂಬ ಉದ್ದೇಶ. ಪೂರ್ವಕ್ಕೆ ರೋಡಿಂಗ್ ನದಿಯವರೆಗೆ ಇಳಿಜಾರಾದ ನೋಟ; ಅದರ ಕೊನೆಯಲ್ಲಿ ನೇರ ಕಾಲುವೆ, ಕಾಲುವೆಯ ತುದಿಗೆ ಜೋಡಿ ದಿಬ್ಬಗಳು. ಹುಲ್ಲಿನ ಮೆಟ್ಟಿಲುಗಳುಳ್ಳ ಒಂದು ಬಯಲು ರಂಗಮಂಟಪ. ನಡುಗಡ್ಡೆಗಳಿಂದ ಕೂಡಿ ಅಂಕುಡೊಂಕಾಗಿ ಹಬ್ಬಿದ ಸರೋವರಮಾಲೆ. ಇವನ್ನೆಲ್ಲ ನಿರ್ಮಿಸುವಾಗ ಯಂತ್ರಗಳಿರಲಿಲ್ಲ. ಗುದ್ದಲಿ, ಸಲಿಕೆ, ಕೈಗಾಡಿ, ಕುದುರೆಗಳಷ್ಟೇ ಸಾಧನ. ಸರೋವರಕ್ಕಾಗಿ ತೆಗೆದ ಮಣ್ಣನ್ನು ದೂರ ಸಾಗಿಸುವ ವೆಚ್ಚ ತಪ್ಪಿಸಲು ಅಲ್ಲಿಯೇ ದಿಬ್ಬವಾಗಿ ಒಟ್ಟುವುದು ರೂಢಿ. ಹೀಗೆ ಒಂದು ತಗ್ಗು ಒಂದು ಉಬ್ಬನ್ನು ಹೆರುತ್ತಿತ್ತು. ಆಡಂ ಹೋಲ್ಟ್ ಎಂಬ ತೋಟದ ಮೇಲ್ವಿಚಾರಕನು ಈ ಕೆಲಸದಲ್ಲಿ ಪ್ರಮುಖನಾಗಿದ್ದನು. ಗುದ್ದಲಿ ಹಿಡಿದ ನೂರಾರು ಕೂಲಿಗಳ ಹೆಸರು ಎಲ್ಲಿಯೂ ಇಲ್ಲ. ಇಂದು ನಿಂತಿರುವುದೆಲ್ಲ ಬಹುಮಟ್ಟಿಗೆ ಅವರ ಕೈಕೆಲಸ.

ಎರಡನೆಯ ಅರ್ಲ್ ಟಿಲ್ನಿಯು ಮದುವೆಯಾಗದೆ, ಬಹುಕಾಲ ಇಟಲಿಯಲ್ಲಿ ಕಳೆದು, ೧೭೮೪ರಲ್ಲಿ ನೇಪಲ್ಸಿನಲ್ಲಿ ತೀರಿಕೊಂಡನು. ಊರಿನಲ್ಲಿದ್ದಷ್ಟು ಕಾಲದಲ್ಲಿ ಆತನು ಕೊಟ್ಟ ಎರಡು ಅಲಂಕಾರಗಳು ಈಗಲೂ ಕಾಣುತ್ತವೆ. ಒಂದು, ೧೭೬೦ರ ದಶಕದಲ್ಲಿ ಸರೋವರದ ದಡದ ಮೇಲೆ ಕಟ್ಟಿಸಿದ ಕೃತಕ ಗುಹಾಮಂದಿರ: ಕೆಳಗೆ ದೋಣಿಯನ್ನು ಒಳತರುವ ಕಮಾನು, ಮೇಲೆ ಗುಮ್ಮಟದ ಕೋಣೆ, ಗೋಡೆಗಳಿಗೆ ಚಿಪ್ಪು, ಸ್ಫಟಿಕ, ಕನ್ನಡಿಚೂರು. ಇನ್ನೊಂದು, ಮುಂಭಾಗದಲ್ಲಿ ಕಂಬಗಳಿರುವ ಪುಟ್ಟ ದೇಗುಲ. ದೇಗುಲವೆಂಬ ಹೆಸರೇ ಹೊರತು ಅಲ್ಲಿ ದೇವರಿಲ್ಲ. ಅದರ ಆಸುಪಾಸಿನಲ್ಲಿ ಸಾಕುತ್ತಿದ್ದುದು ಕೋಳಿಗಳನ್ನೂ ಅಲಂಕಾರದ ಪಕ್ಷಿಗಳನ್ನೂ. ಶ್ರೀಮಂತರ ಭಕ್ತಿ ಹೀಗೆ ಹಲವು ರೂಪ ತಾಳುವುದುಂಟು.

ಅರ್ಲನ ಬಳಿಕ ಆಸ್ತಿಯು ಸೋದರಿಯ ಕಡೆಯ ವಂಶಕ್ಕೆ ಹೋಗಿ, ೧೮೦೫ರಲ್ಲಿ ಆ ವಂಶದ ಬಾಲಕನೊಬ್ಬನು ಅಕಾಲದಲ್ಲಿ ತೀರಿಕೊಳ್ಳಲು, ಅವನ ಅಕ್ಕ ಕ್ಯಾಥರಿನ್ ಟಿಲ್ನಿ-ಲಾಂಗಳ ಪಾಲಿಗೆ ಬಂದಿತು. ಆಕೆಗೆ ಆಗ ಹದಿನೈದು-ಹದಿನಾರರ ಪ್ರಾಯ. ಆಕೆಯು ವಯಸ್ಸಿಗೆ ಬರುವವರೆಗೆ, ಕ್ರಾಂತಿಯಿಂದ ದೇಶಭ್ರಷ್ಟನಾದ ಫ್ರಾನ್ಸಿನ ಕಾಂಡೆ ರಾಜಕುಮಾರನು ಆ ಸೌಧದಲ್ಲಿ ಬಾಡಿಗೆಗಿದ್ದನು. ಇಂಗ್ಲೆಂಡಿನ ಬಿರುದಿಲ್ಲದ ಮನೆತನಗಳಲ್ಲೆಲ್ಲ ಅತ್ಯಂತ ಸಂಪನ್ನೆಯಾದ ಕನ್ಯೆ ಎಂದು ಪತ್ರಿಕೆಗಳು ಡಂಗುರ ಸಾರಿದ್ದರಿಂದ ವರಗಳಿಗೆ ಕೊರತೆಯಾಗಲಿಲ್ಲ. ಮುಂದೆ ನಾಲ್ಕನೆಯ ವಿಲಿಯಂ ಎಂಬ ಹೆಸರಿನಿಂದ ಸಿಂಹಾಸನವೇರಿದ ಕ್ಲಾರೆನ್ಸ್ ಡ್ಯೂಕನೂ ಸಾಲಿನಲ್ಲಿ ನಿಂತನು. ಅವರನ್ನೆಲ್ಲ ನಿರಾಕರಿಸಿ ಆಕೆಯು ೧೮೧೨ರ ಮಾರ್ಚಿಯಲ್ಲಿ ಕೈಹಿಡಿದದ್ದು ವಿಲಿಯಂ ವೆಲ್ಸ್‌ಲಿ-ಪೋಲ್ ಎಂಬ ಸುಂದರ ಯುವಕನನ್ನು. ಈತನ ದೊಡ್ಡಪ್ಪನೇ ಟಿಪ್ಪುವಿನ ಮೇಲೆ ಕೊನೆಯ ಯುದ್ಧ ಹೂಡಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಸ್‌ಲಿ. ಚಿಕ್ಕಪ್ಪನೇ ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಅಧಿಕಾರ ವಹಿಸಿಕೊಂಡು ದರಿಯಾ ದೌಲತ್ತಿನಲ್ಲಿ ವಾಸಿಸಿದ, ತರುವಾಯ ವೆಲಿಂಗ್ಟನ್ ಡ್ಯೂಕನೆಂದು ಜಗದ್ವಿಖ್ಯಾತನಾದ ಆರ್ಥರ್ ವೆಲ್ಸ್‌ಲಿ. ಹೀಗೆ ಪೂರ್ವದೇಶದ ವ್ಯಾಪಾರದಿಂದ ಬೆಳೆದ ಸಂಪತ್ತಿಗೆ ಪೂರ್ವದೇಶದ ಕದನಗಳಿಂದ ಬೆಳೆದ ಕೀರ್ತಿಯು ಕೈಜೋಡಿಸಿತು.

ಆದರೆ ಅಳಿಯದೇವರಲ್ಲಿ ಆ ಕೀರ್ತಿಗೆ ತಕ್ಕ ಗುಣವೊಂದೂ ಇರಲಿಲ್ಲ. ಹೆಂಡತಿಯ ವಂಶದ ಹೆಸರುಗಳನ್ನೂ ತನ್ನ ಹೆಸರಿಗೆ ಪೋಣಿಸಿಕೊಂಡು ಪೋಲ್-ಟಿಲ್ನಿ-ಲಾಂಗ್-ವೆಲ್ಸ್‌ಲಿ ಎಂದಾದನು. ವಿಡಂಬನಕಾರರಿಗೆ ಅದೊಂದು ಹಬ್ಬವಾಯಿತು. ಹಂಫ್ರಿ ರೆಪ್ಟನ್ನನಂಥ ಉದ್ಯಾನತಜ್ಞನನ್ನು ಕರೆಸಿ ತೋಟವನ್ನು ತಿದ್ದಿಸಿದನು. ೧೮೧೪ರಲ್ಲಿ ರಾಜಪ್ರತಿನಿಧಿಯಾದಿಯಾಗಿ ಗಣ್ಯರನ್ನೆಲ್ಲ ಕರೆದು ಔತಣ ಮಾಡಿದನು. ಜೂಜು, ಚುನಾವಣೆ, ಕುದುರೆ, ವಿಲಾಸಗಳಲ್ಲಿ ಸಾಲ ಬೆಳೆದು, ಹತ್ತು ವರ್ಷ ತುಂಬುವುದರೊಳಗೆ ಸಾಲಗಾರರಿಗೆ ಹೆದರಿ ೧೮೨೨ರಲ್ಲಿ ದೇಶವನ್ನೇ ಬಿಟ್ಟು ಓಡಿದನು.

ಇಲ್ಲಿ ಓದುಗರಿಗೆ ಒಂದು ಪ್ರಶ್ನೆ ಸಹಜವಾಗಿ ಏಳುತ್ತದೆ. ಸಾಲ ತೀರಿಸಬೇಕಾದರೆ ಎಸ್ಟೇಟನ್ನು ಮಾರಬಹುದಾಗಿತ್ತು. ಅಷ್ಟು ದೊಡ್ಡ ಸೌಧವನ್ನು ಕೆಡವಿ ಕಲ್ಲನ್ನು ಮಾರುವ ಹುಚ್ಚೇಕೆ? ಉತ್ತರವಿರುವುದು ಮದುವೆಯ ಕಾಲದಲ್ಲಿ ಆದ ಕರಾರಿನಲ್ಲಿ. ಆಗಿನ ಇಂಗ್ಲೆಂಡಿನ ನ್ಯಾಯದಂತೆ ಇಂಥ ಆಸ್ತಿಯನ್ನು ಮುಂದಿನ ತಲೆಮಾರಿಗೆ ಕಟ್ಟಿಹಾಕುತ್ತಿದ್ದರು. ಗಂಡನಿಗೆ ಜೀವಾವಧಿಯ ಅನುಭೋಗ ಮಾತ್ರ, ಭೂಮಿಯನ್ನು ಪರಭಾರೆ ಮಾಡುವ ಹಕ್ಕಿಲ್ಲ. ಹುಟ್ಟುವ ಮಗನ ಪಾಲನ್ನು ತಂದೆಯ ದುಂದುಗಾರಿಕೆಯಿಂದ ಕಾಪಾಡಲೆಂದು ಮಾಡಿದ ಏರ್ಪಾಡದು. ಭೂಮಿಯು ಕೈಗೆ ಸಿಗದಾದಾಗ ಸಾಲಗಾರರ ಕಣ್ಣು ಅದರ ಮೇಲಿದ್ದ ಚರವಸ್ತುಗಳ ಕಡೆಗೂ, ಅನಂತರ ಕಟ್ಟಡದ ಸಾಮಗ್ರಿಯ ಕಡೆಗೂ ಹೊರಳಿತು. ಅದೇ ಕರಾರು ನೆಲವನ್ನು ರಕ್ಷಿಸಿ ಮನೆಯನ್ನು ಬಲಿಕೊಟ್ಟಿತು.

೧೮೨೨ರ ಜೂನ್ ೧೦ರಂದು ಜಾರ್ಜ್ ರಾಬಿನ್ಸ್ ಎಂಬ ಮಾತಿನಮಲ್ಲ ಹರಾಜುಗಾರನು ಹರಾಜಿನ ಸುತ್ತಿಗೆಯನ್ನೆತ್ತಿದನು. ಹರಾಜು ೩೨ ದಿನ ನಡೆಯಿತು. ಕೆಂಟನು ವಿನ್ಯಾಸಮಾಡಿದ ಪೀಠೋಪಕರಣ, ಚಿತ್ರಪಟ, ಜಮಖಾನ, ಪುಸ್ತಕ, ತೋಟದ ಪ್ರತಿಮೆ, ಮದ್ಯದ ಸೀಸೆ ಎಲ್ಲವೂ ಬಿಕರಿಯಾಗಿ ಸುಮಾರು ೪೧,೦೦೦ ಪೌಂಡು ಬಂದಿತು. ಸಾಲದ ಮುಂದೆ ಅದು ಏನೇನೂ ಅಲ್ಲ. ಬರಿದಾದ ಕಟ್ಟಡವನ್ನು ಇಡಿಯಾಗಿ ಕೊಳ್ಳುವವರು ಸಿಕ್ಕದಿರಲು, ೧೮೨೪ರಲ್ಲಿ ಕೇವಲ ೧೦,೦೦೦ ಪೌಂಡಿಗೆ ಕೆಡವುವವರಿಗೆ ಮಾರಿದರು; ಕಟ್ಟುವುದಕ್ಕೆ ಹಿಡಿದುದಾಗಿ ಹೇಳುವ ಮೊತ್ತದಲ್ಲಿ ಅದು ಮೂವತ್ತಾರನೆಯ ಒಂದು ಪಾಲು. ಕೊಂಡವರು ವ್ಯಾಪಾರಿಗಳು, ಕಲ್ಲಿಗೆ ಬೆಲೆಯಿತ್ತು, ಕಲೆಗಿರಲಿಲ್ಲ. ಮದುವೆ ಮುಗಿದ ಮರುದಿನ ಚಪ್ಪರವನ್ನು ಬಿಚ್ಚುವಂತೆ ಮಂಟಪ, ಮೆಟ್ಟಿಲು, ತೊಲೆ, ಸೀಸದ ತಗಡುಗಳನ್ನು ಬಿಚ್ಚಿ, ಅಡಿಪಾಯದವರೆಗೂ ಕಿತ್ತು ಸಾಗಿಸಿದರು. ಗಾಲ್ಫ್ ಮೈದಾನದ ಆ ತಗ್ಗು ಇಷ್ಟು ಆಳವಾಗಿರುವುದಕ್ಕೆ ಈ ವ್ಯವಹಾರನಿಷ್ಠೆಯೇ ಕಾರಣ.

ಕ್ಯಾಥರಿನ್ ತನ್ನ ಹಿರಿಯರ ಮನೆಯ ಅಂತ್ಯವನ್ನು ಕಂಡು, ಪರಸ್ತ್ರೀಯೊಡನೆ ತಿರುಗುತ್ತಿದ್ದ ಗಂಡನಿಂದ ದೂರವಾಗಿ, ೧೮೨೫ರ ಸೆಪ್ಟೆಂಬರಿನಲ್ಲಿ ಮೂವತ್ತೈದರ ವಯಸ್ಸಿನಲ್ಲಿ ಮೃತಳಾದಳು. ಆಕೆಯ ಸೋದರಿಯರು ಮಕ್ಕಳನ್ನು ತಂದೆಗೆ ಒಪ್ಪಿಸಲು ನಿರಾಕರಿಸಿದರು. ವ್ಯಾಜ್ಯವು ಚಾನ್ಸರಿ ನ್ಯಾಯಾಲಯಕ್ಕೆ ಹೋಯಿತು. ತಂದೆಯ ಹಕ್ಕು ಪ್ರಶ್ನಾತೀತವೆಂದು ನಂಬಿದ್ದ ಆ ಕಾಲದಲ್ಲಿ, ದುರಾಚಾರಿಯಾದ ತಂದೆಯಿಂದ ಮಕ್ಕಳನ್ನು ಬೇರ್ಪಡಿಸುವ ಅಧಿಕಾರ ನ್ಯಾಯಪೀಠಕ್ಕುಂಟೆಂದು ಲಾರ್ಡ್ ಎಲ್ಡನ್ ೧೮೨೭ರಲ್ಲಿ ತೀರ್ಪಿತ್ತನು. ಮಕ್ಕಳ ಹಿತವನ್ನು ಕುರಿತ ಇಂಗ್ಲಿಷ್ ನ್ಯಾಯದ ಚರಿತ್ರೆಯಲ್ಲಿ ಇದೊಂದು ಮೈಲಿಗಲ್ಲು. ಆ ಮಕ್ಕಳ ರಕ್ಷಣೆಯ ಹೊಣೆಯು ವೆಲಿಂಗ್ಟನ್ನನ ಪಾಲಿಗೂ ಬಂದಿತು. ಇದು ಆತನಿಗೆ ಹೊಸ ಅನುಭವವಾಗಿರಲಾರದು. ೧೮೦೦ರಲ್ಲಿ ಚನ್ನಗಿರಿಯ ಧೋಂಡಿಯ ವಾಘನು ಅವನ ಸೈನ್ಯದೊಡನೆ ಹೋರಾಡಿ ಮಡಿದಾಗ, ಸಾಮಾನುಗಳ ನಡುವೆ ಸಿಕ್ಕಿದ ಅವನ ಎಳೆಯ ಮಗ ಸಲಾಬತ್ ಖಾನನನ್ನು ಇದೇ ಆರ್ಥರ್ ತನ್ನ ಬಿಡಾರಕ್ಕೆ ಕರೆದೊಯ್ದು, ಊರು ಬಿಡುವಾಗ ಅವನ ಪೋಷಣೆಗೆ ಹಣವನ್ನಿರಿಸಿ ಹೋಗಿದ್ದನು. ಯುದ್ಧದಲ್ಲಿ ಕಠೋರನಾದ ಈ ಮನುಷ್ಯನ ಸ್ವಭಾವದಲ್ಲಿ ನನಗೆ ಮೆಚ್ಚಿಕೆಯಾಗುವ ಒಂದು ಅಂಶವಿದು. ದುಂದುಗಾರ ವಿಲಿಯಂ ಕಾಲಕ್ರಮದಲ್ಲಿ ಮಾರ್ನಿಂಗ್ಟನ್ನಿನ ಅರ್ಲ್ ಎಂಬ ಬಿರುದಿಗೇರಿಯೂ, ೧೮೫೭ರಲ್ಲಿ ಲಂಡನ್ನಿನ ಬಾಡಿಗೆ ಕೋಣೆಯೊಂದರಲ್ಲಿ ಬಡವನಾಗಿ ಸತ್ತನು.

ಸೌಧ ಹೋದ ಮೇಲೆ ನೆಲ ಹೇಗೆ ಉಳಿಯಿತೆಂಬ ಕಥೆ ಬೇರೆಯೇ ಆಗಿದೆ. ಅದರಲ್ಲಿ ಪರಿಹಾಸವೂ ಕೊಂಚ ಬೆರೆತಿದೆ. ಲಂಡನ್ ಹಬ್ಬುತ್ತಾ ಬಂದು, ಸುತ್ತಣ ಎಪಿಂಗ್ ಅರಣ್ಯವನ್ನು ಜಮೀನುದಾರರು ತುಂಡುತುಂಡಾಗಿ ಬೇಲಿ ಹಾಕಿ ಮಾರತೊಡಗಿದ್ದರು. ವಾನ್‌ಸ್ಟೆಡ್ಡಿನ ಒಡೆತನವು ಆ ವೇಳೆಗೆ ವೆಲ್ಸ್‌ಲಿ ಮನೆತನದ ಇನ್ನೊಂದು ಕವಲಾದ ಅರ್ಲ್ ಕೌಲಿಗೆ ಬಂದಿತ್ತು. ೧೮೭೧ರಲ್ಲಿ ಆತನ ಕಡೆಯವರು ವಾನ್‌ಸ್ಟೆಡ್ ಬಯಲಿಗೆ ಬೇಲಿ ಹಾಕಲು, ಜುಲೈ ತಿಂಗಳಿನಲ್ಲಿ ಸಾವಿರಾರು ಜನರು ನೆರೆದು ಪ್ರತಿಭಟಿಸಿ, ಆ ಬೇಲಿಯನ್ನು ಕಿತ್ತೆಸೆದರು. ಇದಕ್ಕೆ ಸುಮಾರು ಹದಿನೇಳು ವರ್ಷ ಮೊದಲು ಲಂಡನ್ ನಗರದ ಕಾರ್ಪೊರೇಷನ್ನು ಸ್ಮಶಾನಕ್ಕಾಗಿ ಪಕ್ಕದ ಆಲ್ಡರ್ಸ್‌ಬ್ರೂಕ್ ತೋಟವನ್ನು ಇದೇ ಎಸ್ಟೇಟಿನಿಂದ ಕೊಂಡಿತ್ತು. ಆ ತೋಟಕ್ಕೆ ಅರಣ್ಯದಲ್ಲೆಲ್ಲ ದನ ಮೇಯಿಸುವ ಪ್ರಾಚೀನ ಹಕ್ಕೊಂದು ಅಂಟಿಕೊಂಡಿದ್ದಿತು. ಹೆಣ ಹೂಳುವುದಕ್ಕಾಗಿ ಕೊಂಡ ನೆಲದ ದನ ಮೇಯಿಸುವ ಹಕ್ಕನ್ನು ಮುಂದಿಟ್ಟುಕೊಂಡು ಕಾರ್ಪೊರೇಷನ್ ಜಮೀನುದಾರರ ಮೇಲೆ ದಾವೆ ಹೂಡಿ, ೧೮೭೪ರಲ್ಲಿ ಗೆದ್ದಿತು. ೧೮೭೮ರಲ್ಲಿ ಎಪಿಂಗ್ ಅರಣ್ಯ ಕಾಯಿದೆಯಾಯಿತು. ೧೮೮೦ರಲ್ಲಿ ಉದ್ಯಾನವನ್ನೂ ಅರ್ಲ್ ಕೌಲಿಯಿಂದ ಕೊಂಡು ೧೮೮೨ರಲ್ಲಿ ಸಾರ್ವಜನಿಕರಿಗೆ ತೆರೆದರು. ಆ ಸ್ಮಶಾನದಲ್ಲಿಯೂ ವಾನ್‌ಸ್ಟೆಡ್ಡಿನ ಕುರುಹುಂಟು: ಹಳೆಯ ದೊಡ್ಡ ಕೆರೆಯೊಂದನ್ನು ಬತ್ತಿಸಿ, ಅದರ ತಗ್ಗಿನಲ್ಲಿಯೇ ಶವಪೆಟ್ಟಿಗೆಗಳನ್ನಿರಿಸುವ ಗೂಡುಗಳ ಸಾಲನ್ನು ಕಟ್ಟಿದ್ದಾರೆ.

ಈಗ ಅಲ್ಲಿಗೆ ಹೋದವರಿಗೆ ಏನೇನು ಕಾಣುತ್ತದೆ? ಓವರ್ಟನ್ ಡ್ರೈವ್ ಎಂಬ ಬೀದಿಯ ಬದಿಯಲ್ಲಿ ಎರಡು ಎತ್ತರದ ಕಲ್ಲಿನ ಹೆಬ್ಬಾಗಿಲ ಕಂಬಗಳು, ಅವುಗಳ ಮೇಲೆ ರಿಚರ್ಡ್ ಚೈಲ್ಡನ ಹೆಸರಿನ ಹೆಣೆದ ಅಕ್ಷರಗಳು. ಬಾಗಿಲಿಲ್ಲದ ಅವುಗಳ ಆಚೆಗೆ ಸಾಮಾನ್ಯ ಸಂಸಾರಿಗರ ಮನೆಗಳು. ಹಳೆಯ ಕುದುರೆಲಾಯವೇ ಇಂದು ಗಾಲ್ಫ್ ಕ್ಲಬ್ಬಿನ ಕಟ್ಟಡ. ಒಡೆಯನ ಮನೆ ಅಳಿದು ಅವನ ಕುದುರೆಗಳ ಮನೆ ಬದುಕಿತು. ಎಂಟು ಮೂಲೆಯ ಕೊಳ ಅದೇ ಮೈದಾನದ ಬದಿಯಲ್ಲಿ ನಾಲ್ಕೂ ಋತುಗಳಲ್ಲಿ ಬಾತುಗಳಿಗೆ ನೆಲೆಯಾಗಿದೆ. ಸಮೀಪದ ಸೇಂಟ್ ಮೇರಿ ಚರ್ಚು ಸೌಧವಿನ್ನೂ ನಿಂತಿದ್ದಾಗಲೇ, ೧೭೯೦ರಲ್ಲಿ, ಥಾಮಸ್ ಹಾರ್ಡ್ವಿಕ್ಕನು ಮುಗಿಸಿದ್ದು. ಒಳಗೆ ಜೋಸಯ ಚೈಲ್ಡನ ಅಮೃತಶಿಲೆಯ ಸ್ಮಾರಕ, ಲೇವಾದೇವಿಯ ಲಂಡನ್ ವರ್ತಕನು ರೋಮನ್ ವೀರನ ವೇಷದಲ್ಲಿ ನಿಂತಿದ್ದಾನೆ. ಕಾರವಾರದ ಮೆಣಸನ್ನು ನೆನೆದವರಿಗೆ ಆ ವೇಷ ತುಸು ನಗೆ ತರಿಸದಿರದು.

ಉದ್ಯಾನದೊಳಗೆ ಗುಹಾಮಂದಿರದ ನೀರಿನ ಕಡೆಯ ಗೋಡೆ ನಿಂತಿದೆ. ಒಳಗಿನ ಚಿಪ್ಪುಗಳೂ ಗುಮ್ಮಟವೂ ೧೮೮೪ರ ನವೆಂಬರಿನಲ್ಲಿ, ದುರಸ್ತಿಯ ಕಾಲದಲ್ಲಿ ಬಿದ್ದ ಬೆಂಕಿಗೆ ಆಹುತಿಯಾದವು. ದೇಗುಲವನ್ನು ಓರಣವಾಗಿ ಇಟ್ಟಿದ್ದಾರೆ. ಬಯಲು ರಂಗಮಂಟಪದ ಮಣ್ಣಿನ ಏರು ಪೊದೆಗಳ ನಡುವೆ ಅಡಗಿದೆ. ನೇರ ಕಾಲುವೆಯೂ ಅದರ ತುದಿಯ ದಿಬ್ಬಗಳೂ ಗುರುತು ಬಲ್ಲವರಿಗೆ ಕಾಣುತ್ತವೆ. ಪಶ್ಚಿಮದ ಬುಷ್ ವುಡ್ ಎಂಬ ತೋಪಿನಲ್ಲಿ ಚೈಲ್ಡರ ಕಾಲದ ಸಾಲುಮರಗಳ ಪಂಕ್ತಿಗಳಿಗೆ ಸೇರಿದ ಚೆಸ್ಟ್‌ನಟ್ ವೃಕ್ಷಗಳು ತಿರುಚಿದ ತೊಗಟೆಯೊಡನೆ ನಿಂತಿವೆ. ಫಾರೆಸ್ಟ್ ಗೇಟಿನಲ್ಲೊಂದು ಟಿಲ್ನಿ ರಸ್ತೆ, ವಾನ್‌ಸ್ಟೆಡ್ಡಿನಲ್ಲೊಂದು ವೆಲ್ಸ್‌ಲಿ ರಸ್ತೆ; ವಂಶಗಳು ಅಳಿದು ಅಂಚೆಯ ವಿಳಾಸಗಳಾಗಿವೆ.

ಆದರೆ ಉಳಿದುದೆಲ್ಲ ಸುಖವಾಗಿದೆಯೆಂದು ತಿಳಿಯಬಾರದು. ಮರಳು ಗರಸು ಬೆರೆತ ಆ ನೆಲದಲ್ಲಿ ನೀರನ್ನು ನಿಲ್ಲಿಸುವುದು ಆರಂಭದಿಂದಲೂ ಪ್ರಯಾಸದ ಕೆಲಸ. ಕೊಕ್ಕರೆಗಳಿಂದ ಹೆಸರು ಪಡೆದ ಹೆರನ್ರಿ ಕೊಳವನ್ನು ಕೊಳವೆಬಾವಿಯ ನೀರಿನಿಂದ ತುಂಬಿಸಬೇಕಾಗಿದೆ. ೨೦೨೨ರ ಬೇಸಗೆಯ ಬರದಲ್ಲಿ ಅಲಂಕಾರ ಸರೋವರವು ಬಹುಪಾಲು ಒಣಗಿ ಕೆಸರಿನ ತಳ ತೋರಿತು. ಸುಮಾರು ೧೪೦ ಎಕರೆಯ ಈ ಉದ್ಯಾನವು ೨೦೦೯ರಿಂದ ಇಂಗ್ಲೆಂಡಿನ ಅಪಾಯಕ್ಕೆ ಸಿಕ್ಕಿದ ಪರಂಪರೆಯ ಸ್ಥಳಗಳ ಪಟ್ಟಿಗೆ ಸೇರಿದೆ. ಸಮಸ್ಯೆಯ ಮೂಲವೂ ವಿಚಿತ್ರ: ಒಂದೇ ಕೈಯಲ್ಲಿ ಹುಟ್ಟಿದ ತೋಟದ ಒಂದು ಭಾಗ ಸಾರ್ವಜನಿಕ ಉದ್ಯಾನ, ಒಂದು ಭಾಗ ಗಾಲ್ಫ್ ಕ್ಲಬ್ಬು, ಒಂದು ಭಾಗ ಚರ್ಚು, ಉಳಿದುದು ಬೀದಿ ಬಡಾವಣೆ. ನೀರು ಮಾತ್ರ ಈ ಗಡಿಗಳನ್ನು ಅರಿಯದು. ಒಂದು ಕೊಳದಿಂದ ಇನ್ನೊಂದಕ್ಕೆ ಇಳಿಯುವಂತೆ ಮೂರು ಶತಮಾನಗಳ ಹಿಂದೆ ಏರ್ಪಡಿಸಿದ ವ್ಯವಸ್ಥೆಯನ್ನು ತುಂಡುತುಂಡಾಗಿ ದುರಸ್ತಿ ಮಾಡಿದರೆ ಅದು ನಿಲ್ಲಲಾರದೆಂಬುದೇ ನನ್ನ ಅಭಿಪ್ರಾಯ.

ಉದ್ಯೋಗಕ್ಕೋ ಮಕ್ಕಳನ್ನು ನೋಡುವುದಕ್ಕೋ ಲಂಡನ್ನಿಗೆ ಹೋಗುವ ಕನ್ನಡಿಗರು ಈಗ ಅನೇಕರಿದ್ದಾರೆ. ಅವರು ಗೋಪುರ, ಸೇತುವೆ, ರಾಜನ ಅರಮನೆಗಳನ್ನು ನೋಡಿ ಮುಗಿಸಿದ ಮೇಲೆ, ಸೆಂಟ್ರಲ್ ಮಾರ್ಗದ ರೈಲು ಹಿಡಿದು ವಾನ್‌ಸ್ಟೆಡ್ ನಿಲ್ದಾಣದಲ್ಲಿ ಇಳಿಯಲಿ. ಉದ್ಯಾನಕ್ಕೆ ನಡೆದೇ ಹೋಗಬಹುದು, ಪ್ರವೇಶಕ್ಕೆ ಶುಲ್ಕವಿಲ್ಲ. ರಾಕನ ೧೭೩೫ರ ನಕ್ಷೆಯ ಪ್ರತಿಯೊಂದನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಗಾಲ್ಫ್ ಮೈದಾನದ ತಗ್ಗು ಕ್ಲಬ್ಬಿನ ವಶದಲ್ಲಿದೆಯಾದ್ದರಿಂದ ಅದನ್ನು ಮಾತ್ರ ಹೊರಗಿನಿಂದಲೇ ನೋಡಬೇಕು.